ಎಷ್ಟು ತಿಂಗಳು ಹಾಲು ಕೊಟ್ಟೆ ಅಂತ ತಾಯಿಯನ್ನೇ ಯಾಕೆ ಕೇಳ್ತೀರಿ?

ಮಗಳಿಗೆ ಸೀಲಿಯಾಕ್ ಕಾಯಿಲೆ ಅಂತ ಗೊತ್ತಾದ ವಾರ, ನಾವಿರುವ ಸ್ವೀಡನ್‌ನಿಂದ ಊರಿಗೆ, ಹಾಸನಕ್ಕೆ, ವಿಡಿಯೋ ಕಾಲ್ ಮಾಡಿದೆವು. ಗೋಧಿ, ಬಾರ್ಲಿ, ರೈ ಇನ್ನು ಇವಳಿಗೆ ಆಗಲ್ಲ, ಜೀವನಪೂರ್ತಿ ಆಗಲ್ಲ ಅಂತ ನಾನೇ ವಿವರಿಸಿದೆ. ಆ ಕಡೆ ಊಟದ ಹೊತ್ತು, ಮನೆ ತುಂಬ ಜನ. ಎಲ್ಲರೂ ಕೇಳಿಸಿಕೊಂಡರು. ಆಮೇಲೆ ದೊಡ್ಡಮ್ಮ ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡು ನನ್ನ ಹೆಂಡತಿಯನ್ನು ಕೇಳಿದರು: "ಎಷ್ಟು ತಿಂಗಳು ಹಾಲು ಕೊಟ್ಟೆಯಮ್ಮಾ?"

"ಹತ್ತು ತಿಂಗಳು, ಅತ್ತೆ."

"ಅಷ್ಟೇನಾ?"

ಮಾತು ಅಲ್ಲಿಗೇ ನಿಂತಿತು. ಆದರೆ ಆ "ಅಷ್ಟೇನಾ" ನಮ್ಮ ಮನೆಯಲ್ಲಿ ಬಹಳ ದಿನ ಉಳಿಯಿತು. ಇನ್ನೂ ಎರಡು ತಿಂಗಳು ಕೊಟ್ಟಿದ್ದರೆ ಹೀಗಾಗ್ತಿರಲಿಲ್ವೇನೋ ಅಂತ ಇವಳು ರಾತ್ರಿ ಮಲಗಿದ ಮೇಲೆ ಕೇಳ್ತಿದ್ದಳು. ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಮಗುವಿಗೆ ಹತ್ತು ತಿಂಗಳು ತುಂಬಿದಾಗ ಇವಳು ಕೆಲಸಕ್ಕೆ ಹೋದಳು. ಅಲ್ಲಿಂದ ಮುಂದೆ ರಜೆ ಹಾಕಿ ಮನೆಯಲ್ಲಿ ಕೂತವನು ನಾನು. ಬಾಟಲಿ ಹಿಡಿದವನು ನಾನು, ಬ್ರೆಡ್ಡಿನ ಚೂರು ಕೈಗೆ ಕೊಟ್ಟವನು ನಾನು. ಸ್ವೀಡನ್‌ನಲ್ಲಿ ಒಂದು ಮಗುವಿಗೆ ತಂದೆ ತಾಯಿ ಇಬ್ಬರಿಗೂ ಸೇರಿ 480 ದಿನದ ರಜೆ ಇದೆ. ಅದರಲ್ಲಿ 90 ದಿನ ಒಬ್ಬರದ್ದನ್ನು ಇನ್ನೊಬ್ಬರಿಗೆ ಬಿಟ್ಟುಕೊಡೋ ಹಾಗೇ ಇಲ್ಲ. ಅಪ್ಪಂದಿರು ತೊಟ್ಟಿಲುಗಾಡಿ ತಳ್ಳಿಕೊಂಡು ಹೋಗೋದು ಇಲ್ಲಿ ದಿನಾ ಕಾಣುವ ದೃಶ್ಯ. ಊಟದಲ್ಲೇ ತಪ್ಪಾಗಿದ್ದರೆ ಅದರ ಅರ್ಧ ಪಾಲು ನನ್ನದು ಆಗಬೇಕಿತ್ತು ಅಲ್ವಾ? ನಮ್ಮೂರಿನ ಲೆಕ್ಕದಲ್ಲಿ ಆ ಪಾಲು ಎಲ್ಲೂ ಬರಲಿಲ್ಲ.

ಅದೇ ವಾರ ಇಲ್ಲಿನ ನರ್ಸ್ ಆಡಿದ ಮಾತೇ ಬೇರೆ. ಅದಕ್ಕೆ ಮುಂಚೆ ಕಾಯಿಲೆ ಹೇಗೆ ಸಿಕ್ಕಿಬಿತ್ತು ಅಂತ ಹೇಳ್ತೀನಿ.

ಗೋಥೆನ್‌ಬರ್ಗ್‌ನ ನಮ್ಮ ಬಡಾವಣೆಯಲ್ಲಿ ಒಂದು ಬಿವಿಸಿ ಇದೆ. ಪುಟ್ಟ ಮಕ್ಕಳ ಆರೋಗ್ಯ ಕೇಂದ್ರ. ಹುಟ್ಟಿದಾಗಿನಿಂದ ಶಾಲೆಗೆ ಸೇರೋ ತನಕ ಎಲ್ಲ ಮಕ್ಕಳೂ ಅಲ್ಲಿಗೆ ಹೋಗ್ತಾರೆ, ಬಡವರ ಮಕ್ಕಳು ಶ್ರೀಮಂತರ ಮಕ್ಕಳು ಅಂತ ಇಲ್ಲ. ದುಡ್ಡೂ ಇಲ್ಲ. ಪ್ರತಿ ಸಲವೂ ಮಗುವಿನ ಬಟ್ಟೆ ಬಿಚ್ಚಿ ತಕ್ಕಡಿ ಮೇಲೆ ಕೂರಿಸ್ತಾರೆ. ಉದ್ದ ಅಳೆಯುತ್ತಾರೆ, ತಲೆಯ ಸುತ್ತಳತೆ ನೋಡ್ತಾರೆ. ಆಮೇಲೆ ಬೆಳವಣಿಗೆಯ ಚಾರ್ಟಿನಲ್ಲಿ ಒಂದು ಚುಕ್ಕಿ. ನನ್ನ ಮಗಳ ಚುಕ್ಕಿಗಳು ಒಂದೂವರೆ ವರ್ಷದ ತನಕ ನಡುವಿನ ಗೆರೆಯ ಮೇಲೇ ಹತ್ತುತ್ತಾ ಬಂದವು. ಎರಡೂವರೆ ವರ್ಷದ ಭೇಟಿಯಲ್ಲಿ ಚುಕ್ಕಿ ಎರಡು ಗೆರೆ ಕೆಳಗೆ ಬಿತ್ತು. ನರ್ಸ್ ಪರದೆಯನ್ನು ನನ್ನ ಕಡೆ ತಿರುಗಿಸಿ ಆ ಜಾಗಕ್ಕೆ ಬೆರಳಿಟ್ಟರು. "ಇದು ನನಗೆ ಇಷ್ಟ ಆಗ್ತಿಲ್ಲ" ಅಂದರು.

ಹೊಟ್ಟೆ ಉಬ್ಬಿದ್ದು, ತೊಡೆ ಸಣ್ಣಗಾದದ್ದು, ಇಡೀ ದಿನ ರೇಗಾಡೋದು, ಇದೆಲ್ಲ ನಮಗೂ ಕಾಣ್ತಿತ್ತು. ಊರಿನಿಂದ ಅದಕ್ಕೆ ಒಂದೊಂದು ಹೆಸರು ಬರ್ತಿತ್ತು. ದವಡೆ ಹಲ್ಲು ಬರ್ತಿದೆ. ಜಂತುಹುಳ ಇರಬೇಕು. ದೃಷ್ಟಿ ಆಗಿದೆ, ನೀವಾಳಿಸಿ ಹಾಕಿ. ಪ್ರತಿಯೊಂದನ್ನೂ ಪ್ರೀತಿಯಿಂದಲೇ ಹೇಳಿದರು. ಯಾರೂ ತೂಕ ಎಷ್ಟು ಅಂತ ಕೇಳಲಿಲ್ಲ. ನರ್ಸ್ ರಕ್ತಪರೀಕ್ಷೆಗೆ ಬರೆದುಕೊಟ್ಟರು, ಆ್ಯಂಟಿಬಾಡಿ ಬಹಳ ಜಾಸ್ತಿ ಬಂತು, ಮಕ್ಕಳ ಡಾಕ್ಟರು ಸೀಲಿಯಾಕ್ ಅಂತ ಖಚಿತ ಮಾಡಿದರು.

ಆ ನರ್ಸಿಗೆ ನಿವೃತ್ತಿ ಹತ್ತಿರ. ರಿಪೋರ್ಟ್ ಬಂದ ಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ನಾವು ಬಾಯಿ ತೆಗೆಯೋ ಮುಂಚೆಯೇ ಹೇಳಿದರು: "ನೀವು ತಿನ್ನಿಸಿದ್ದರಲ್ಲಿ ಏನೂ ತಪ್ಪಿಲ್ಲ. ಇಬ್ಬರೂ ಅದನ್ನು ತಲೆಯಿಂದ ತೆಗೆದುಹಾಕಿ." ಸ್ವಲ್ಪ ತಡೆದು ಮುಂದುವರಿಸಿದರು: "ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥ ಮಕ್ಕಳು ಒಬ್ಬರ ಹಿಂದೆ ಒಬ್ಬರು ಬರ್ತಿದ್ದರು. ಆಗ ತಾಯಂದಿರಿಗೆ ಹೀಗೆ ಮಾಡಿ, ಹಾಗೆ ಮಾಡಿ ಅಂತ ಹೇಳ್ತಿದ್ದವರು ನಾವೇ. ನಮ್ಮ ಸಲಹೆಯೇ ಸರಿ ಇರಲಿಲ್ಲ."

ಆರೋಗ್ಯ ಇಲಾಖೆಯವರೊಬ್ಬರು ಎದುರಿಗೆ ಕೂತು, ಯಾರೂ ಕೇಳದೆ, ನಮ್ಮ ಸಲಹೆ ಸರಿ ಇರಲಿಲ್ಲ ಅಂತ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಮನೆಗೆ ಬಂದು ಆ ಕಥೆಯನ್ನು ಹುಡುಕಿ ಓದಿದೆ. ಓದುತ್ತಾ ಹೋದ ಹಾಗೆ ಊರಿನ ಮೇಲೆ ಸಿಟ್ಟು ಜಾಸ್ತಿಯಾಯಿತು ಅಂತಲೇ ಹೇಳಬೇಕು.

ಸೀಲಿಯಾಕ್ ಒಂದು ಆಟೋಇಮ್ಯೂನ್ ಕಾಯಿಲೆ. ದೇಹವನ್ನು ಕಾಯಬೇಕಾದ ವ್ಯವಸ್ಥೆ, ಗೋಧಿ, ಬಾರ್ಲಿ, ರೈಯಲ್ಲಿರುವ ಗ್ಲುಟೆನ್ ಅನ್ನೋ ಪ್ರೋಟೀನ್ ಹೊಟ್ಟೆಗೆ ಬಿದ್ದಾಗ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತೆ. ತಿಂದದ್ದು ಮೈಗೆ ಹತ್ತಲ್ಲ. 1980ರ ದಶಕದ ಮಧ್ಯದಲ್ಲಿ ಸ್ವೀಡನ್‌ನಲ್ಲಿ ಎರಡು ವರ್ಷದೊಳಗಿನ ಮಕ್ಕಳಲ್ಲಿ ಈ ಕಾಯಿಲೆ ಇದ್ದಕ್ಕಿದ್ದ ಹಾಗೆ ಏರಿತು. ಕೆಲವೇ ವರ್ಷದಲ್ಲಿ ನಾಲ್ಕು ಪಟ್ಟು. ಆ ವಯಸ್ಸಿನ ಲಕ್ಷ ಮಕ್ಕಳಲ್ಲಿ ವರ್ಷಕ್ಕೆ 200ರಿಂದ 240 ಹೊಸ ಕೇಸುಗಳು. ಹತ್ತು ವರ್ಷ ಹಾಗೇ ಇತ್ತು. 1995ರ ನಂತರ ಅಷ್ಟೇ ಬೇಗ ಇಳಿದು 50-60ಕ್ಕೆ ಬಂತು. ಅಕ್ಕಪಕ್ಕದ ದೇಶಗಳಲ್ಲಿ ಇಂಥ ಏರಿಳಿತ ಕಾಣಲಿಲ್ಲ. ಇಲ್ಲಿನ ಮಕ್ಕಳ ಡಾಕ್ಟರುಗಳು ಇದನ್ನು ಸ್ವೀಡನ್‌ನ ಸೀಲಿಯಾಕ್ ಸಾಂಕ್ರಾಮಿಕ ಅಂತಲೇ ಕರೀತಾರೆ, ಇದು ಒಬ್ಬರಿಂದ ಒಬ್ಬರಿಗೆ ಅಂಟೋ ಕಾಯಿಲೆ ಅಲ್ಲದಿದ್ದರೂ.

ಏನಾಗಿತ್ತು ಅಂತ ಉಮೆಯೋ ವಿಶ್ವವಿದ್ಯಾಲಯದ ಅನ್ನೆಲಿ ಇವಾರ್ಸನ್ ಮತ್ತು ಅವರ ಜೊತೆಯವರು ಕೂತು ಲೆಕ್ಕ ಹಾಕಿದರು. ಇಲ್ಲಿನ ಮಕ್ಕಳಿಗೆ ವೆಲ್ಲಿಂಗ್ ಅಂತ ಕೊಡ್ತಾರೆ. ಹಾಲಿನ ಪುಡಿಗೆ ಧಾನ್ಯದ ಹಿಟ್ಟು ಸೇರಿಸಿದ ತೆಳು ಗಂಜಿ. ನಮ್ಮ ಮನೆಗಳಲ್ಲಿ ರಾಗಿ ಸರಿ ಹೇಗೋ ಇವರಿಗೆ ಇದು ಹಾಗೆ. ಬಾಟಲಿಯಲ್ಲಿ ಹಾಕಿ ಮಲಗೋ ಮುಂಚೆ ಕುಡಿಸಿದರೆ ಮಗು ರಾತ್ರಿಯೆಲ್ಲ ಏಳಲ್ಲ ಅನ್ನೋದು ಇವರ ನಂಬಿಕೆ. 1982ರಲ್ಲಿ, ಗ್ಲುಟೆನ್ ಇರೋ ಆಹಾರವನ್ನು ನಾಲ್ಕು ತಿಂಗಳಿಗೆ ಬದಲು ಆರು ತಿಂಗಳಿಗೆ ಶುರು ಮಾಡಿ ಅಂತ ದೇಶಕ್ಕೆಲ್ಲ ಒಂದು ಸಲಹೆ ಹೋಯಿತು. ಅದೇ ಸುಮಾರಿಗೆ ವೆಲ್ಲಿಂಗ್ ಪುಡಿಯಲ್ಲಿ ಗೋಧಿಯ ಪ್ರಮಾಣವೂ ಜಾಸ್ತಿಯಾಯಿತು. ಆರು ತಿಂಗಳಿಗೆ ಎಷ್ಟೋ ತಾಯಂದಿರು ಎದೆಹಾಲು ಬಿಡಿಸ್ತಿದ್ದರು. ಹೀಗಾಗಿ ತಾಯಿ ಹಾಲು ನಿಂತ ಹೊತ್ತಿಗೇ ಬಾಟಲಿ ತುಂಬ ಗೋಧಿ ಒಮ್ಮೆಲೇ ಮಗುವಿನ ಹೊಟ್ಟೆಗೆ ಹೋಯಿತು. ಇವಾರ್ಸನ್ ತಂಡ 2002ರಲ್ಲಿ ಹೇಳಿದ್ದು ಇದನ್ನೇ: ಮಗು ಇನ್ನೂ ಎದೆಹಾಲು ಕುಡೀತಿರುವಾಗ, ಸ್ವಲ್ಪ ಸ್ವಲ್ಪವಾಗಿ ಗ್ಲುಟೆನ್ ಶುರು ಮಾಡಿದ ಮಕ್ಕಳಲ್ಲಿ ಕಾಯಿಲೆ ಕಡಿಮೆ. ಆ ಏರಿಕೆಯಲ್ಲಿ ಸುಮಾರು ಅರ್ಧವನ್ನು ಊಟದ ಈ ಬದಲಾವಣೆಗಳಿಂದ ವಿವರಿಸಬಹುದು ಅಂತ ಅವರ ಲೆಕ್ಕ.

ಅಷ್ಟು ಹೊತ್ತಿಗೆ ಸಲಹೆ ಬದಲಾಗಿ ಆಗಿತ್ತು. 1996ರಲ್ಲೇ, ನಾಲ್ಕು ತಿಂಗಳಿಂದ ಚೂರು ಚೂರೇ ಕೊಡಿ, ಎದೆಹಾಲು ಕೊಡ್ತಿರುವಾಗಲೇ ಕೊಡಿ ಅಂತ ತಿದ್ದಿದ್ದರು. ಕಂಪನಿಗಳು ಪುಡಿಯಲ್ಲಿ ಗೋಧಿ ಕಡಿಮೆ ಮಾಡಿದವು.

ಈ ಕಥೆಯಲ್ಲಿ ನನಗೆ ಹಿಡಿಸಿದ್ದು ಒಂದೇ ಸಂಗತಿ. ಮಕ್ಕಳು ಕಾಯಿಲೆ ಬಿದ್ದಾಗ ಇವರು ಮೊದಲು ನೋಡಿಕೊಂಡದ್ದು ತಮ್ಮ ಸಲಹೆಯನ್ನು, ಅಂಗಡಿಯಲ್ಲಿದ್ದ ಪುಡಿಯ ಡಬ್ಬಿಯನ್ನು. 1991ರಲ್ಲಿ ದೇಶಕ್ಕೆಲ್ಲ ಒಂದು ದಾಖಲೆ ಪುಸ್ತಕ ತೆರೆದರು. ಯಾವ ಮಗುವಿಗೆ ಯಾವಾಗ ಕಾಯಿಲೆ ಬಂತು ಅಂತ ಬರೆದಿಟ್ಟರು. ನೀನು ಯಾಕೆ ಹಾಲು ಬಿಡಿಸಿದೆ ಅಂತ ಒಬ್ಬೊಬ್ಬ ತಾಯಿಯನ್ನೂ ನಿಲ್ಲಿಸಿ ಕೇಳಲಿಲ್ಲ.

ಅಲ್ಲಿಗೂ ಬಿಡಲಿಲ್ಲ. ಆ ಕಾಲದ ಮಕ್ಕಳನ್ನು, ಅಂದರೆ 1993ರಲ್ಲಿ ಹುಟ್ಟಿದವರನ್ನು, ಹನ್ನೆರಡನೇ ವಯಸ್ಸಿನಲ್ಲಿ ಶಾಲೆಗೇ ಹೋಗಿ ಪರೀಕ್ಷೆ ಮಾಡಿದರು. ಏಳು ಸಾವಿರಕ್ಕೂ ಹೆಚ್ಚು ಮಕ್ಕಳು. ಸಾವಿರಕ್ಕೆ 29 ಮಕ್ಕಳಲ್ಲಿ ಸೀಲಿಯಾಕ್ ಇತ್ತು. ಅವರಲ್ಲಿ ಮೂರನೇ ಎರಡು ಭಾಗಕ್ಕೆ ತಮಗೆ ಕಾಯಿಲೆ ಇದೆ ಅಂತಲೇ ಗೊತ್ತಿರಲಿಲ್ಲ. ಸಲಹೆ ತಿದ್ದಿದ ಮೇಲೆ, 1997ರಲ್ಲಿ ಹುಟ್ಟಿದವರಲ್ಲಿ ಅದು ಸಾವಿರಕ್ಕೆ 22ಕ್ಕೆ ಇಳಿದಿತ್ತು.

ಆಮೇಲೆ ಇನ್ನೂ ದೊಡ್ಡ ತಿರುವು. ಎದೆಹಾಲಿನ ಜೊತೆ ಚೂರು ಗ್ಲುಟೆನ್ ಕೊಟ್ಟರೆ ನಿಜವಾಗಲೂ ಕಾಯಿಲೆ ತಪ್ಪುತ್ತಾ ಅಂತ ಯುರೋಪಿನ ಬೇರೆ ದೇಶಗಳಲ್ಲಿ ನೇರವಾಗಿ ಪರೀಕ್ಷಿಸಿದರು. ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ ಇದ್ದು, ಅದಕ್ಕೆ ಬೇಕಾದ ಜೀನೂ ಇರೋ 944 ಮಕ್ಕಳು. ಅರ್ಧ ಮಕ್ಕಳಿಗೆ ನಾಲ್ಕು ತಿಂಗಳಿಂದ ದಿನಕ್ಕೆ 100 ಮಿಲಿಗ್ರಾಂ ಗ್ಲುಟೆನ್, ಇನ್ನರ್ಧಕ್ಕೆ ಬರೀ ಹುಸಿ ಪುಡಿ. 2014ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿನಲ್ಲಿ ವ್ಯತ್ಯಾಸ ಇರಲಿಲ್ಲ. ಎದೆಹಾಲು ಎಷ್ಟು ಕಾಲ ಕುಡಿದರು ಅನ್ನೋದರಿಂದಲೂ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಇಟಲಿಯವರು ಆರು ತಿಂಗಳಿಗೆ ಗ್ಲುಟೆನ್ ಶುರು ಮಾಡಿದವರನ್ನೂ ಹನ್ನೆರಡು ತಿಂಗಳಿಗೆ ಶುರು ಮಾಡಿದವರನ್ನೂ ಹೋಲಿಸಿದರು. ತಡ ಮಾಡಿದವರಲ್ಲಿ ಕಾಯಿಲೆಯೂ ಸ್ವಲ್ಪ ತಡವಾಗಿ ಬಂತು. ಐದು ವರ್ಷದ ಹೊತ್ತಿಗೆ ಇಬ್ಬರೂ ಒಂದೇ. ಯುರೋಪಿನ ಮಕ್ಕಳ ಹೊಟ್ಟೆ-ಕರುಳಿನ ತಜ್ಞರ ಸಂಘ 2016ರಲ್ಲಿ ಸಲಹೆಯನ್ನು ಮತ್ತೆ ತಿದ್ದಿತು. ನಾಲ್ಕರಿಂದ ಹನ್ನೆರಡು ತಿಂಗಳ ನಡುವೆ ಯಾವಾಗ ಬೇಕಾದರೂ ಶುರು ಮಾಡಿ, ಮೊದಲ ವಾರಗಳಲ್ಲಿ ಜಾಸ್ತಿ ಕೊಡಬೇಡಿ, ಅಷ್ಟೇ.

ನಮ್ಮ ಮನೆಯ "ಅಷ್ಟೇನಾ"ಗೆ ಉತ್ತರ ಇಲ್ಲಿತ್ತು. ಹತ್ತು ತಿಂಗಳಾದರೂ ಅಷ್ಟೇ, ಹದಿನೆಂಟು ತಿಂಗಳಾದರೂ ಅಷ್ಟೇ. ಈ ಕಾಗದಗಳನ್ನು ಇವಳ ಮುಂದಿಟ್ಟು ಒಂದೊಂದಾಗಿ ಓದಿ ಹೇಳಿದೆ. ಕಾಗದ ಓದಿದ ಮಾತ್ರಕ್ಕೆ ಮನಸ್ಸು ಹಗುರಾಗಲಿಲ್ಲ. ನರ್ಸಿನ ಆ ಎರಡು ವಾಕ್ಯಗಳಿಂದ ಆದಷ್ಟು ಇದರಿಂದ ಆಗಲಿಲ್ಲ.

ಉಳಿದದ್ದು ಜೀನು, ಮತ್ತೆ ತಿಂದ ಪ್ರಮಾಣ. ಫಿನ್‌ಲ್ಯಾಂಡ್, ಜರ್ಮನಿ, ಸ್ವೀಡನ್, ಅಮೆರಿಕದಲ್ಲಿ ಸಾವಿರಾರು ಮಕ್ಕಳನ್ನು ಹುಟ್ಟಿದಾಗಿನಿಂದ ಹಿಂಬಾಲಿಸಿದ ಟೆಡ್ಡಿ ಅನ್ನೋ ಅಧ್ಯಯನ ಇದೆ. ಜೀನು ಇರೋ ಮಕ್ಕಳು ಮೊದಲ ಐದು ವರ್ಷದಲ್ಲಿ ಗ್ಲುಟೆನ್ ಜಾಸ್ತಿ ತಿಂದಷ್ಟೂ ಅಪಾಯ ಜಾಸ್ತಿ ಅಂತ 2019ರಲ್ಲಿ ಅವರು ಬರೆದರು. ನನ್ನ ಮಗಳು ಇಲ್ಲಿ ಡೇಕೇರಿನಲ್ಲಿ ಪಾಸ್ತಾ, ಬ್ರೆಡ್ಡು, ಪ್ಯಾನ್‌ಕೇಕ್ ತಿಂದು ಬೆಳೆದವಳು. ಹಾಸನದಲ್ಲಿ ಬೆಳೆದಿದ್ದರೆ ಮುದ್ದೆ, ಅನ್ನ, ಇಡ್ಲಿ. ಭಾರತದಲ್ಲಿ ಇಪ್ಪತ್ಮೂರು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಉತ್ತರದಲ್ಲಿ ನೂರಕ್ಕೆ 1.23 ಜನರಿಗೆ ಸೀಲಿಯಾಕ್. ದಕ್ಷಿಣದಲ್ಲಿ 0.10. ಆ ಜೀನು ಇರೋರು ಮಾತ್ರ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, ಮೂವರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ. ಉತ್ತರದವರು ತಿನ್ನುವ ಗೋಧಿಯ ಮುಂದೆ ನಮ್ಮ ಕಡೆಯವರು ತಿನ್ನೋದು ಏನೇನೂ ಅಲ್ಲ.

ಟೈಪ್ 1 ಡಯಾಬಿಟಿಸ್ ಕೂಡ ಆಟೋಇಮ್ಯೂನ್ ಕಾಯಿಲೆಯೇ, ತಾಯಿಯನ್ನು ದೂರೋದರಲ್ಲಿ ಅಲ್ಲೂ ಇದೇ ಕಥೆ. ಸ್ಟಾಕ್‌ಹೋಮ್‌ನಲ್ಲಿರುವ ನನ್ನ ಗೆಳೆಯನ ಮಗನಿಗೆ ಆರನೇ ವರ್ಷದಲ್ಲಿ ಅದು ಬಂತು. ಅವರು ತುಮಕೂರಿನ ಕಡೆಯವರು. ಗೆಳೆಯನ ಹೆಂಡತಿಗೆ ಹಾಲು ಸಾಲದೆ ಎರಡನೇ ತಿಂಗಳಿಂದ ಪುಡಿ ಹಾಲು ಕೊಟ್ಟಿದ್ದರು. ಊರಿಗೆ ಹೋದಾಗ ಅವಳ ನಾದಿನಿ ನಾಲ್ಕು ಜನರ ಮುಂದೆ, "ಡಬ್ಬಿ ಹಾಲು ಕೊಟ್ಟರೆ ಇನ್ನೇನಾಗುತ್ತೆ" ಅಂದುಬಿಟ್ಟರಂತೆ. ಹಸುವಿನ ಹಾಲಿನ ಪ್ರೋಟೀನ್ ಬೇಗ ಹೊಟ್ಟೆಗೆ ಹೋದರೆ ಡಯಾಬಿಟಿಸ್ ಬರಬಹುದು ಅನ್ನೋ ಅನುಮಾನ ವಿಜ್ಞಾನಿಗಳಿಗೂ ಇತ್ತು, ಸುಳ್ಳಲ್ಲ. ಅದಕ್ಕೇ 15 ದೇಶಗಳಲ್ಲಿ 2,159 ಮಕ್ಕಳ ಮೇಲೆ ಪರೀಕ್ಷೆ ಮಾಡಿದರು. ಒಂದು ಗುಂಪಿಗೆ ಸಾಮಾನ್ಯ ಪುಡಿ ಹಾಲು, ಇನ್ನೊಂದಕ್ಕೆ ಪ್ರೋಟೀನನ್ನು ಮೊದಲೇ ಚೂರು ಚೂರು ಒಡೆದ ಪುಡಿ ಹಾಲು. ಹನ್ನೊಂದು ವರ್ಷಕ್ಕೂ ಜಾಸ್ತಿ ಕಾದರು. 2018ರಲ್ಲಿ ಹೇಳಿದರು: ಡಯಾಬಿಟಿಸ್ ಬಂದದ್ದು ಒಡೆದ ಹಾಲು ಕುಡಿದವರಲ್ಲಿ ನೂರಕ್ಕೆ 8.4 ಮಕ್ಕಳಿಗೆ, ಸಾಮಾನ್ಯ ಹಾಲು ಕುಡಿದವರಲ್ಲಿ 7.6. ಆ ಬೇರೆ ಹಾಲಿನಿಂದ ಯಾವ ಲಾಭವೂ ಇಲ್ಲ. ಆ ನಾದಿನಿಗೆ ಇದು ಗೊತ್ತಿಲ್ಲ, ಗೊತ್ತಿರಬೇಕು ಅಂತಲೂ ಇಲ್ಲ. ಗೊತ್ತಿಲ್ಲದೆ ಇರುವಾಗ ಸುಮ್ನೆ ಇರಬಹುದಿತ್ತು.

ತಾಯಿ ಹಾಲು ಒಳ್ಳೇದಲ್ಲ ಅಂತ ಯಾರೂ ಹೇಳ್ತಿಲ್ಲ. ಭೇದಿ, ನ್ಯುಮೋನಿಯಾದಿಂದ ಮಕ್ಕಳನ್ನು ಕಾಪಾಡೋದರಲ್ಲಿ ಅದಕ್ಕೆ ಸಮ ಇನ್ನೊಂದಿಲ್ಲ. ನಮ್ಮ ದೇಶದಲ್ಲಿ 1992ರಿಂದ ಕಾನೂನೇ ಇದೆ, ಪುಡಿ ಹಾಲಿನ ಜಾಹೀರಾತು ಹಾಕೋ ಹಾಗಿಲ್ಲ, ಡಬ್ಬಿ ಮೇಲೆ ತಾಯಿ ಹಾಲೇ ಉತ್ತಮ ಅಂತ ಬರೀಲೇಬೇಕು. ಒಳ್ಳೇ ಕಾನೂನು. ಅದು ಕಂಪನಿಗಳ ಬಾಯಿ ಮುಚ್ಚಿಸೋಕೆ ಬಂದದ್ದು. ನಮ್ಮ ಮನೆಗಳಲ್ಲಿ ಅದನ್ನು ಹಿಡಿದುಕೊಂಡು ತಾಯಂದಿರನ್ನು ವಿಚಾರಣೆ ಮಾಡ್ತಾರೆ.

ಇನ್ನೊಂದು ಹೇಳಲೇಬೇಕು. ಮಗುವಿಗೆ ಸೀಲಿಯಾಕ್ ಬಂದರೆ ಅಪ್ಪ, ಅಮ್ಮ, ಒಡಹುಟ್ಟಿದವರು ಎಲ್ಲರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು ಅಂತ ಇಲ್ಲಿ ಹೇಳ್ತಾರೆ. ಮಾಡಿಸಿದೆವು. ಇವಳದ್ದು ಸರಿ ಇತ್ತು. ನನ್ನದು ಜಾಸ್ತಿ ಬಂತು. ಕರುಳಿನ ತುಣುಕು ತೆಗೆದು ನೋಡಿದಾಗ ನನಗೂ ಸೀಲಿಯಾಕ್. ಹುಡುಗನಾಗಿದ್ದಾಗಿನಿಂದ ರಕ್ತ ಕಡಿಮೆ, ಕಬ್ಬಿಣದ ಮಾತ್ರೆ ನುಂಗಿ ನುಂಗಿ ಬೆಳೆದವನು ನಾನು. ಅದಕ್ಕೆ ಈಗ ಕಾರಣ ಸಿಕ್ಕಿತು. ಈ ಸುದ್ದಿಯನ್ನೂ ಊರಿಗೆ ಹೇಳಿದೆ. "ಅಲ್ಲಿಯ ಥಂಡಿ ಹವೆ ಕಣಪ್ಪ, ಊಟ ಸರಿ ಹೋಗಲ್ಲ" ಅಂತ ಎಲ್ಲರೂ ಮರುಗಿದರು. ನನಗೆ ಎಷ್ಟು ತಿಂಗಳು ಹಾಲು ಕುಡಿಸಿದೆ ಅಂತ ಅಮ್ಮನನ್ನು ಯಾರೂ ಕೇಳಲಿಲ್ಲ. ಕೇಳಬಾರದು ಕೂಡ. ಆದರೆ ಮಗಳದ್ದು ಹಾಲು ಬಿಡಿಸಿದ್ದರಿಂದ, ನನ್ನದು ಹವೆಯಿಂದ ಅನ್ನೋ ತೀರ್ಪು ಯಾವ ನ್ಯಾಯ? ಸೊಸೆಗೆ ಒಂದು, ಮಗನಿಗೆ ಒಂದು.

ಕಳೆದ ಸಲ ರಜೆಗೆ ಹೋದಾಗ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಸಜ್ಜಿಗೆ ಪ್ರಸಾದ. ರವೆ ಅಂದರೆ ಗೋಧಿಯೇ, ಅವಳಿಗೆ ಬೇಡ, ಬಾಳೆಹಣ್ಣು ಕೊಡಿ ಅಂತ ಬೆಳಗ್ಗೆಯೇ ಹೇಳಿದ್ದೆ. ಮಂಗಳಾರತಿ ಆದ ಮೇಲೆ ನೋಡ್ತೀನಿ, ನೆಂಟರೊಬ್ಬರು ಮಗಳ ಅಂಗೈ ಮೇಲೆ ಒಂದು ಉಂಡೆ ಇಟ್ಟಿದ್ದಾರೆ. ತುಪ್ಪ ಜಿನುಗ್ತಿತ್ತು, ಮೇಲೆ ಒಂದು ದ್ರಾಕ್ಷಿ. ಅವಳು ಅದನ್ನು ಬಾಯಿಗಿಡದೆ ಕೈ ಚಾಚಿಕೊಂಡೇ ನನ್ನನ್ನು ಹುಡುಕ್ತಿದ್ದಳು. ಐದು ವರ್ಷದ ಮಗು. "ದೇವರ ಪ್ರಸಾದದಿಂದ ಏನೂ ಆಗಲ್ಲ, ತಿನ್ನು ಪುಟ್ಟಿ" ಅಂತ ಅವರು ಇನ್ನೂ ಹೇಳ್ತಾನೇ ಇದ್ದರು. ನಾನು ಉಂಡೆ ತೆಗೆದುಕೊಂಡು ತಟ್ಟೆಗೆ ಹಾಕಿದೆ. ಮುಖ ಸಿಂಡರಿಸಿದರು. ಒಂದು ಚೂರು ತಿಂದರೂ ಕರುಳಿಗೆ ಪೆಟ್ಟು ಬೀಳುತ್ತೆ ಅಂತ ಅವರಿಗೆ ಎಷ್ಟು ಸಲ ಹೇಳಿದರೂ ಅದು ನಮ್ಮ ಹಟ, ಫಾರಿನ್‌ನವರ ಶೋಕಿ. ಇಲ್ಲಿ ಡೇಕೇರಿನ ಅಡುಗೆಯವರು ಅವಳ ಪಾಸ್ತಾವನ್ನು ಬೇರೆ ಪಾತ್ರೆಯಲ್ಲಿ, ಬೇರೆ ನೀರಿನಲ್ಲಿ ಬೇಯಿಸ್ತಾರೆ. ತಟ್ಟೆ ಮೇಲೆ ಅವಳ ಹೆಸರಿನ ಚೀಟಿ ಇರುತ್ತೆ. ನಾವು ಹೋಗಿ ಬೇಡಿಕೊಂಡದ್ದಲ್ಲ. ಡಾಕ್ಟರ ಚೀಟಿ ಕೊಟ್ಟ ಮರುದಿನದಿಂದ ಶುರುವಾಯಿತು.

ಇಂಗಿನ ಕಥೆ ಹೇಳಲೇ? ಸಾರು ಅವಳಿಗೆ ಪ್ರಾಣ. ಬೇಳೆ, ಟೊಮೆಟೊ, ಹುಣಸೆ, ಸಾರಿನ ಪುಡಿ, ಇದರಲ್ಲಿ ಗೋಧಿ ಎಲ್ಲಿದೆ? ಆದರೂ ಊರಲ್ಲಿದ್ದ ಎರಡನೇ ವಾರ ಅವಳ ಹೊಟ್ಟೆ ಕೆಟ್ಟಿತು. ಡಬ್ಬಿಗಳನ್ನೆಲ್ಲ ಇಳಿಸಿ ಓದುತ್ತಾ ಕೂತೆ. ಇಂಗಿನ ಡಬ್ಬಿ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ ಗೋಧಿ ಹಿಟ್ಟು ಅಂತ ಇತ್ತು. ನಾವು ಅಂಗಡಿಯಲ್ಲಿ ತರೋ ಇಂಗಿನಲ್ಲಿ ಹೆಚ್ಚಿನದಕ್ಕೆ ಹಿಟ್ಟು ಬೆರೆಸಿರ್ತಾರೆ. ಆ ಮನೆಯಲ್ಲಿ ಪ್ರತಿ ಒಗ್ಗರಣೆಗೂ ಇಂಗು ಬೀಳ್ತಿತ್ತು.

ನನ್ನ ಅಸಮಾಧಾನ ಬರೀ ನೆಂಟರ ಮೇಲೆ ಅಲ್ಲ. ಕರ್ನಾಟಕದಲ್ಲಿ ಎಷ್ಟು ಮಕ್ಕಳಿಗೆ ಈ ಕಾಯಿಲೆ ಇದೆ ಅಂತ ವರ್ಷ ವರ್ಷ ಬರೆದಿಡುವ ಪುಸ್ತಕ ಎಲ್ಲಿದೆ? ಬೆಂಗಳೂರಿನಲ್ಲಿ ಚಪಾತಿ, ಬ್ರೆಡ್ಡು, ನೂಡಲ್ಸು, ಬಿಸ್ಕತ್ತು ತಿಂದು ಬೆಳೀತಿರುವ ಮಕ್ಕಳು ನಮ್ಮ ಕಾಲದ ಊಟ ತಿಂತಿಲ್ಲ. ಜೀನು ಮೂವರಲ್ಲಿ ಒಬ್ಬರಿಗೆ ಇದ್ದೇ ಇದೆ. ದಕ್ಷಿಣದಲ್ಲಿ ಇದು ಅಪರೂಪ ಅನ್ನೋ ಮಾತು ಇನ್ನು ಎಷ್ಟು ವರ್ಷ ನಡೆಯುತ್ತೆ? ತೂಕ ಏರದ ಮಗುವಿಗೆ ಟಾನಿಕ್ಕು, ಜಂತಿನ ಮಾತ್ರೆ ಕೊಟ್ಟು ಕಳಿಸೋದು ಇನ್ನೂ ನಡೀತಿದೆ. ನನಗೆ ಆದದ್ದೂ ಅದೇ. ಅಂಗನವಾಡಿಯಲ್ಲಿ ತೂಕ ನೋಡ್ತಾರೆ, ತಾಯಿ ಕಾರ್ಡಿನಲ್ಲಿ ಬರೀತಾರೆ. ಆ ಕಾರ್ಡಿನ ಗೆರೆ ಬಗ್ಗಿದಾಗ ಒಂದು ರಕ್ತಪರೀಕ್ಷೆಗೆ ಬರೆದುಕೊಡೋರು ಬೇಕು.

ಇಷ್ಟು ಹೇಳಿದ ಮೇಲೆ ಒಪ್ಪಿಕೊಳ್ಳಬೇಕಾದ್ದೂ ಒಂದಷ್ಟಿದೆ. ಆ ಸಾಂಕ್ರಾಮಿಕವನ್ನು ತಂದುಕೊಂಡದ್ದು ಸ್ವೀಡನ್ನೇ. ಇಲ್ಲಿ ಎಲ್ಲರೂ ಒಂದೇ ಸಲಹೆ ಕೇಳ್ತಾರೆ, ಒಂದೇ ವಾರದಿಂದ ಪಾಲಿಸ್ತಾರೆ, ಒಂದೇ ಥರದ ಪುಡಿ ಕೊಳ್ಳುತ್ತಾರೆ. ಸಲಹೆ ತಪ್ಪಿದರೆ ದೇಶದ ಮಕ್ಕಳೆಲ್ಲ ಒಟ್ಟಿಗೇ ಅನುಭವಿಸಬೇಕು. ನಮ್ಮಲ್ಲಿ ಒಂದೊಂದು ಮನೆಗೆ ಒಂದೊಂದು ಪದ್ಧತಿ. ಹಾಸನದಲ್ಲಿ ರಾಗಿ ಸರಿ, ಮಂಗಳೂರಿನ ಕಡೆ ರಾಗಿ ಮಣ್ಣಿ, ಇನ್ನೊಂದು ಮನೆಯಲ್ಲಿ ಬಾಳೆಕಾಯಿ ಹಿಟ್ಟು. ಯಾವ ಕಂಪನಿಯೂ ಎಲ್ಲ ಮಕ್ಕಳ ಹೊಟ್ಟೆಗೂ ಒಂದೇ ದಿನ ಗೋಧಿ ತುಂಬೋಕೆ ಆಗ್ತಿರಲಿಲ್ಲ. ಇಷ್ಟೆಲ್ಲ ಲೆಕ್ಕ ಇಟ್ಟರೂ ಮಕ್ಕಳ ಸೀಲಿಯಾಕ್‌ನಲ್ಲಿ, ಟೈಪ್ 1 ಡಯಾಬಿಟಿಸ್‌ನಲ್ಲಿ ಸ್ವೀಡನ್ ಇವತ್ತಿಗೂ ಜಗತ್ತಿನ ಮೇಲಿನ ಸಾಲಿನಲ್ಲೇ ಇದೆ.

ಅಮ್ಮ ಹೆರಿಗೆಗೆ ಬಂದಾಗ ಸರಿ ಹಿಟ್ಟು ತಂದಿದ್ದರು. ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಿನಲ್ಲಿ ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿದ ಹಿಟ್ಟು. ಆರು ತಿಂಗಳು ತುಂಬಿದ ಮೇಲೆ ನಾನು ಅದನ್ನೇ ಕಾಯಿಸಿ ಬೆಳ್ಳಿ ಒಳಲೆಯಲ್ಲಿ ಕುಡಿಸ್ತಿದ್ದೆ. ಒಳಲೆಯ ಮೂತಿ ಕೆನ್ನೆಯ ಒಳಗಿಟ್ಟರೆ ಒಂದು ಹನಿ ಚೆಲ್ಲುತ್ತಿರಲಿಲ್ಲ. ಅದರಲ್ಲಿ ಗ್ಲುಟೆನ್ ಹೆಸರಿಗೂ ಇಲ್ಲ. ಈಗ ಮನೆಯಲ್ಲಿ ಇಬ್ಬರಿಗೆ ಸೀಲಿಯಾಕ್ ಇದ್ದೂ ನಾವು ಊಟಕ್ಕೆ ಪರದಾಡದೆ ಇರೋದು ಮುದ್ದೆ, ಅಕ್ಕಿರೊಟ್ಟಿ, ಇಡ್ಲಿ, ಅವಲಕ್ಕಿ ಗೊತ್ತಿರೋದರಿಂದಲೇ. ಇಲ್ಲಿನ ಗ್ಲುಟೆನ್ ಇಲ್ಲದ ಬ್ರೆಡ್ಡು ನನ್ನ ಮಗಳಿಗೆ ಸೇರಲ್ಲ. ಮುದ್ದೆ ಸೇರುತ್ತೆ.

ಮೂರು ತಿಂಗಳ ವೀಸಾ ಮುಗಿದು ಅಮ್ಮ ವಾಪಸ್ ಹೋದ ಮೇಲೆ ಡಿಸೆಂಬರ್ ಬಂತು. ಮೂರೂವರೆಗೆ ಕತ್ತಲೆ. ನಾನು ಆಫೀಸಿನಲ್ಲಿ, ಇವಳೊಬ್ಬಳೇ ಮಗು ಜೊತೆ. ನರ್ಸ್ ಎಷ್ಟೇ ಒಳ್ಳೆಯವರಾದರೂ ಅವರ ಜೊತೆಗಿನ ಸಮಯ ಅರ್ಧ ಗಂಟೆ, ಅದೂ ಮೊದಲೇ ಗೊತ್ತು ಮಾಡಿಕೊಂಡು. ರಾತ್ರಿ ಎರಡು ಗಂಟೆಗೆ ಮಗು ಅತ್ತರೆ ಎತ್ತಿಕೊಳ್ಳೋಕೆ ಇಲ್ಲಿ ಮೂರನೆಯವರು ಇಲ್ಲ. ಬಾಣಂತಿಯ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿ ಮಲಗಿಸೋರು ಇಲ್ಲ. ಊರಲ್ಲೇ ಇದ್ದಿದ್ದರೆ ಇವಳು ಹತ್ತು ತಿಂಗಳಿಗೆ ಹಾಲು ಬಿಡಿಸ್ತಿರಲಿಲ್ಲ ಅಂತ ಅವಳೇ ಹೇಳ್ತಾಳೆ. ನನ್ನನ್ನೂ ನನ್ನ ತಂಗಿಯನ್ನೂ ಅಮ್ಮನಿಗೆ ಜ್ವರ ಬಂದ ಕಾಲದಲ್ಲಿ ಎತ್ತಿ ಆಡಿಸಿ ಸಾಕಿದವರು ಅದೇ ದೊಡ್ಡಮ್ಮ. ಇಂಗಿನ ವಿಷಯ ತಿಳಿದ ದಿನ ಡಬ್ಬಿಯನ್ನು ಬೇರೆ ಕಪಾಟಿಗೆ ಹಾಕಿ, ನಾವು ಹೊರಡೋ ತನಕ ಬೆಳ್ಳುಳ್ಳಿ ಒಗ್ಗರಣೆ ಮಾಡಿದವರೂ ಅವರೇ. ಆ ಪ್ರಶ್ನೆ ಕೇಳಬಾರದಿತ್ತು ಅಂತ ಈಗಲೂ ಹೇಳ್ತೀನಿ. ಕೇಳಿದವರು ನಮ್ಮವರು ಅನ್ನೋದೂ ನಿಜ.

ಮೈಸೂರಿನಲ್ಲಿರುವ ತಂಗಿಗೆ ಈಗ ಐದು ತಿಂಗಳ ಮಗು. ನನ್ನ ರಿಪೋರ್ಟ್ ಬಂದ ಮೇಲೆ ಅವಳೂ ಪರೀಕ್ಷೆ ಮಾಡಿಸಿದಳು, ಏನೂ ಇಲ್ಲ. ಅಲ್ಲಿನ ಮಕ್ಕಳ ಡಾಕ್ಟರು ಅಣ್ಣನಿಗೂ ಅಣ್ಣನ ಮಗಳಿಗೂ ಸೀಲಿಯಾಕ್ ಅಂತ ಮಗುವಿನ ಫೈಲಿನಲ್ಲಿ ಬರೆದುಕೊಂಡಿದ್ದಾರಂತೆ. ಕೇಳಿ ಖುಷಿಯಾಯಿತು. ಮುಂದಿನ ತಿಂಗಳಿಂದ ರಾಗಿ ಸರಿ, ಏಳನೇ ತಿಂಗಳಿಂದ ಗೋಧಿ ಚೂರು ಚೂರು ಅಂತ ಅವಳೂ ಡಾಕ್ಟರೂ ಮಾತಾಡಿಕೊಂಡಿದ್ದಾರೆ. ಅವಳ ಅತ್ತೆಗೆ ಮಾತ್ರ ಭಯ. ಸೋದರಮಾವನಿಗೇ ಇರೋ ಕಾಯಿಲೆ, ಗೋಧಿ ಮನೆಯೊಳಗೇ ಬೇಡ ಅಂತಾರೆ. ತಡ ಮಾಡಿದರೂ ಬರೋದು ಬಂದೇ ಬರುತ್ತೆ, ಸ್ವಲ್ಪ ಕೊಡಲಿ, ತೂಕದ ಮೇಲೆ ಕಣ್ಣಿಟ್ಟಿರಿ ಸಾಕು ಅಂತ ಅವರಿಗೆ ನಾನೇ ಹೇಳ್ತೀನಿ. ಶನಿವಾರ ಫೋನ್ ಮಾಡ್ತೀನಿ ಅಂತ ತಂಗಿಗೆ ಮಾತು ಕೊಟ್ಟಿದ್ದೀನಿ.